ತಲೆತಿರುಗಿನ ಗುಟ್ಟನ್ನು ಕಣ್ಣಿನಲ್ಲಿ ಓದಿದ ಡಾಕ್ಟರ್ ಬಾರಾನಿ

ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟಿಗೆ ಯಾಕೆ ಅಷ್ಟು ಬೇಡಿಕೆ ಅಂತ ಕರಾವಳಿಯ ಮನೆಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ನಾಲ್ಕು ತಿರುವು ಮುಗಿಯುವಷ್ಟರಲ್ಲಿ ಮಕ್ಕಳ ಮುಖ ಬಿಳಿಚುತ್ತದೆ, ಉಮ್ಮಂದಿರ ಕೈಯಲ್ಲಿ ತೊಟ್ಟೆ ಸಿದ್ಧವಾಗುತ್ತದೆ, ಹಿಂದಿನ ಸೀಟಿನವರು ಯಾರೋ ಮೂಸಲು ಲಿಂಬೆಹಣ್ಣು ಕೊಡುತ್ತಾರೆ. ಕೊಳ್ಳೇಗಾಲದ ಕಡೆಯವರಿಗೂ ಇಂಥದ್ದೊಂದು ದಾರಿ ಉಂಟು. ಕೊಳ್ಳೇಗಾಲದಿಂದ ಹೊರಟು, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ರಸ್ತೆ. ಪಕ್ಕದ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ರಸ್ತೆಯೂ ಹಾಗೇ. ನಮ್ಮ ದಕ್ಷಿಣ ಕನ್ನಡದ ಹಾಗೆ ಕೊಳ್ಳೇಗಾಲವೂ 1956ರ ತನಕ ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿನದ್ದಾಗಿತ್ತು, ಹನೂರು ಪ್ರತ್ಯೇಕ ತಾಲೂಕಾದದ್ದು ಈಚೆಗೆ. ಮೂರೂ ಈಗ ಚಾಮರಾಜನಗರ ಜಿಲ್ಲೆಯವು.

ಅಲ್ಲಿಯ ಜನ ತಲೆ ಸುತ್ತಿ ಬಿದ್ದರೆ ಬವಳಿ ಬಂತು ಅನ್ನುತ್ತಾರೆ. ನಾವು ತಲೆತಿರುಗು ಅನ್ನುತ್ತೇವೆ, ಸ್ಮೃತಿ ತಪ್ಪಿತು ಅನ್ನುತ್ತೇವೆ, ಕಣ್ಣು ಕತ್ತಲೆ ಹೋಯಿತು ಅನ್ನುತ್ತೇವೆ. ಎರಡೂ ಕಡೆ ಮುಂದಿನ ಕತೆ ಒಂದೇ. ಪಿತ್ತ ನೆತ್ತಿಗೇರಿದೆ ಅಂತ ಒಬ್ಬರು, ಬಿಪಿ ಲೋ ಆಗಿದೆ ಅಂತ ಇನ್ನೊಬ್ಬರು, ದೃಷ್ಟಿ ತಾಗಿದೆ ಅಂತ ಮತ್ತೊಬ್ಬರು. ಕೊನೆಗೆ ಒಂದು ಬಾಟಲಿ ಗ್ಲುಕೋಸ್. ತಲೆತಿರುಗು ಎಂಬ ಒಂದೇ ಹೆಸರಿನೊಳಗೆ ಹತ್ತು ಬೇರೆ ಬೇರೆ ಕಾಯಿಲೆಗಳು ಅಡಗಿವೆ, ಅವುಗಳಲ್ಲಿ ಕೆಲವನ್ನು ಯಾವ ಮೆಷಿನೂ ಇಲ್ಲದೆ ರೋಗಿಯ ಕಣ್ಣನ್ನೇ ನೋಡಿ ಬೇರ್ಪಡಿಸಬಹುದು ಅಂತ ತೋರಿಸಿಕೊಟ್ಟವರು ವಿಯೆನ್ನಾ ನಗರದ ಒಬ್ಬ ಕಿವಿ ಡಾಕ್ಟರ್, ರಾಬರ್ಟ್ ಬಾರಾನಿ. ಅವರ ಶೋಧ ಶುರುವಾದದ್ದು ಕಿವಿಗೆ ಹಾಕಿದ ನೀರಿನಿಂದ. ಯಳಂದೂರಿಗೂ ನೀರಿಗೂ ಸಂಬಂಧಪಟ್ಟ ಒಂದು ವಿಚಿತ್ರ ಕಾಯಿಲೆಯ ಕತೆ ಉಂಟು. ಅದಕ್ಕೆ ಆಮೇಲೆ ಬರುವ.

ಬಾರಾನಿ ಹುಟ್ಟಿದ್ದು 1876ರ ಏಪ್ರಿಲ್ 22ರಂದು. ಯಹೂದಿ ಕುಟುಂಬ, ಹಂಗೆರಿ ಮೂಲ. ತಂದೆ ಒಂದು ಎಸ್ಟೇಟಿನ ಮ್ಯಾನೇಜರ್. ತಾಯಿ ಪ್ರಾಗ್ ನಗರದ ಪ್ರಸಿದ್ಧ ವಿಜ್ಞಾನಿಯೊಬ್ಬರ ಮಗಳು, ಮನೆಯಲ್ಲಿ ಓದು ಬರಹದ ಗಾಳಿ ಬೀಸಿದ್ದು ಆಕೆಯ ಕಡೆಯಿಂದ. ಆರು ಮಕ್ಕಳಲ್ಲಿ ರಾಬರ್ಟ್ ಹಿರಿಯ. ಚಿಕ್ಕ ಪ್ರಾಯದಲ್ಲೇ ಮೂಳೆಯ ಕ್ಷಯ ಹಿಡಿಯಿತು. ಆಗ ಅದಕ್ಕೆ ಔಷಧ ಇರಲಿಲ್ಲ. ಜೀವ ಉಳಿಯಿತು, ಆದರೆ ಒಂದು ಮೊಣಕಾಲು ಮಡಚದ ಹಾಗೆ ಸೆಟೆದು ನಿಂತುಬಿಟ್ಟಿತು. ಆ ಕಾಲನ್ನು ಕಟ್ಟಿಕೊಂಡೇ ಅವರು ಟೆನಿಸ್ ಆಡಿದರು, ಬೆಟ್ಟ ಹತ್ತಿದರು, ಕೊನೆಯ ತನಕ ಎರಡನ್ನೂ ಬಿಡಲಿಲ್ಲ. ಡಾಕ್ಟರ್ ಆಗುವ ಆಸೆ ಹುಟ್ಟಿದ್ದು ಈ ಕಾಯಿಲೆಯಿಂದಲೇ ಅಂತ ಅವರ ಬಗ್ಗೆ ಬರೆದವರು ಹೇಳುತ್ತಾರೆ. ಶಾಲೆಯಲ್ಲೂ ಕಾಲೇಜಿನಲ್ಲೂ ಯಾವಾಗಲೂ ಮೊದಲ ಸಾಲು.

1900ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಆಮೇಲೆ ಜರ್ಮನಿಗೆ ಹೋಗಿ ಮೊದಲು ದೇಹದ ಒಳರೋಗಗಳನ್ನು, ನಂತರ ಹೆಸರಾಂತ ಮನೋವೈದ್ಯ ಕ್ರೆಪೆಲಿನ್ ಬಳಿ ಮೆದುಳು ಮನಸ್ಸಿನ ಕಾಯಿಲೆಗಳನ್ನು ಕಲಿತರು. ತಿರುಗಿ ಬಂದು ಸ್ವಲ್ಪ ಕಾಲ ಸರ್ಜರಿ. 1903ರಲ್ಲಿ ಪ್ರೊಫೆಸರ್ ಪೊಲಿಟ್ಜರ್ ಅವರ ಕಿವಿ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿದರು. ಹೊಟ್ಟೆ, ಮೆದುಳು, ಕತ್ತಿ, ಕಿವಿ ಅಂತ ಎಲ್ಲಾ ಕಡೆ ಕೈಯಾಡಿಸಿ ಬಂದವರು. ಒಂದೇ ವಿಭಾಗದಲ್ಲಿ ಬೆಳೆದವರಾಗಿದ್ದರೆ ಕಿವಿಗೂ ಕಣ್ಣಿಗೂ ಮೆದುಳಿಗೂ ಗಂಟು ಹಾಕಲು ಅವರಿಂದ ಆಗುತ್ತಿತ್ತೋ ಇಲ್ಲವೋ.

ಆ ಕಾಲದಲ್ಲಿ ತಲೆತಿರುಗಿನ ರೋಗಿ ಅಂದರೆ ಡಾಕ್ಟರುಗಳಿಗೆ ತಲೆನೋವು. ಹೊಟ್ಟೆಯಿಂದ ಬಂತು, ನರದಿಂದ ಬಂತು, ಮೆದುಳಿಗೆ ರಕ್ತ ಹೆಚ್ಚಾಯಿತು ಅಂತ ಬಾಯಿಗೆ ಬಂದ ಕಾರಣ ಹೇಳುತ್ತಿದ್ದರು. ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೇರ್ ಎಂಬ ವೈದ್ಯರು 1861ರಲ್ಲೇ ತಲೆತಿರುಗು ಕಿವಿಯ ಒಳಭಾಗದಿಂದಲೂ ಬರಬಹುದು ಅಂತ ಹೇಳಿ ಹೋಗಿದ್ದರು. ಕಿವಿಯ ಒಳಗೆ, ಮೂಳೆಯ ಗೂಡಿನಲ್ಲಿ, ಬಳೆಯ ತುಂಡಿನ ಹಾಗೆ ಬಾಗಿದ ಮೂರು ಸಣ್ಣ ನಾಳಗಳಿವೆ. ಒಂದು ಅಡ್ಡಕ್ಕೆ, ಎರಡು ನೆಟ್ಟಗೆ. ಒಳಗೆ ನೀರಿನಂಥ ದ್ರವ. ತಲೆ ಯಾವ ಕಡೆ ತಿರುಗಿತು ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವುದು ಇವುಗಳ ಕೆಲಸ ಅಂತ 1870ರ ದಶಕದಲ್ಲಿ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ತರ್ಕ ಮಾಡಿದ್ದರು. ಇಷ್ಟೆಲ್ಲಾ ಪುಸ್ತಕದಲ್ಲಿತ್ತು. ಎದುರು ಕುಳಿತ ರೋಗಿಯ ಬಲಗಿವಿ ಕೆಟ್ಟಿದೆಯೋ ಎಡಗಿವಿಯೋ, ಇಲ್ಲಾ ಮೆದುಳೇ ಕೆಟ್ಟಿದೆಯೋ ಅಂತ ಪತ್ತೆ ಮಾಡುವ ಉಪಾಯ ಮಾತ್ರ ಯಾರ ಬಳಿಯೂ ಇರಲಿಲ್ಲ.

ಕಿವಿ ಸೋರುವ ರೋಗಿಗಳು ಚಿಕಿತ್ಸಾಲಯಕ್ಕೆ ರಾಶಿ ರಾಶಿ ಬರುತ್ತಿದ್ದರು. ಅವರ ಕಿವಿಯನ್ನು ಪಿಚಕಾರಿಯಿಂದ ನೀರು ಹಾಯಿಸಿ ತೊಳೆಯುವುದು ಕಿರಿಯ ಡಾಕ್ಟರುಗಳ ದಿನದ ಕೆಲಸ. ತೊಳೆದ ಕೂಡಲೇ ಕೆಲವರಿಗೆ ತಲೆ ಗಿರ್ರನೆ ತಿರುಗುತ್ತಿತ್ತು. ಬಾರಾನಿ ಅಂಥವರ ಕಣ್ಣನ್ನು ಗಮನಿಸಿದರು. ಕಣ್ಣುಗುಡ್ಡೆಗಳು ಒಂದು ಕಡೆಗೆ ಮೆಲ್ಲ ಜಾರಿ ಇನ್ನೊಂದು ಕಡೆಗೆ ಪಟಕ್ಕನೆ ಹಾರುತ್ತಿದ್ದವು, ಮತ್ತೆ ಮತ್ತೆ. ಓಡುವ ರೈಲಿನ ಕಿಟಕಿಯಿಂದ ಹೊರಗೆ ನೋಡುವವರ ಕಣ್ಣು ಹೇಗೆ ಆಡುತ್ತದೋ ಹಾಗೆ. ಅದನ್ನು ಬರೆದಿಟ್ಟುಕೊಂಡರು, ಕಾರಣ ಹೊಳೆಯಲಿಲ್ಲ.

ಒಂದು ದಿನ ಒಬ್ಬ ರೋಗಿ ತಾನಾಗಿಯೇ ಒಂದು ಮಾತು ಹೇಳಿದ. ನೀರು ತಣ್ಣಗಿದ್ದರೆ ಮಾತ್ರ ತನಗೆ ತಲೆ ತಿರುಗುವುದು, ಸಾಕಷ್ಟು ಬೆಚ್ಚಗಿದ್ದರೆ ಏನೂ ಆಗುವುದಿಲ್ಲ ಅಂತ. ಬಾರಾನಿ ನರ್ಸಿಗೆ ನೀರು ಬಿಸಿ ಮಾಡಲು ಹೇಳಿದರು. ಅದು ಅಗತ್ಯಕ್ಕಿಂತ ಹೆಚ್ಚು ಬಿಸಿಯಾಯಿತು. ರೋಗಿ ಕೂಗಿಕೊಂಡ, ಅವನಿಗೆ ಮತ್ತೆ ತಲೆ ತಿರುಗಿತು. ಬೇರೆ ಯಾರಾದರೂ ಆಗಿದ್ದರೆ ನರ್ಸಿಗೆ ಬೈದು ಮುಗಿಸುತ್ತಿದ್ದರು. ಬಾರಾನಿ ಬಗ್ಗಿ ಕಣ್ಣು ನೋಡಿದರು. ಕಣ್ಣು ಆಡುತ್ತಿತ್ತು, ಆದರೆ ದಿಕ್ಕು ಉಲ್ಟಾ. ತಣ್ಣೀರು ಹಾಕಿದಾಗ ಆಚೆ ಕಿವಿಯ ಕಡೆಗೆ ಹಾರುತ್ತಿದ್ದ ಕಣ್ಣು ಈಗ ನೀರು ಹಾಕಿದ ಕಿವಿಯ ಕಡೆಗೇ ಹಾರುತ್ತಿತ್ತು. ಹಾಗಾದರೆ ಆಟ ಆಡಿಸುತ್ತಿರುವುದು ನೀರಿನ ರಭಸ ಅಲ್ಲ, ನೀರಿನ ಬಿಸಿ ಮತ್ತು ತಂಪು.

ಯಾಕೆ ಹೀಗೆ ಎಂಬ ಪ್ರಶ್ನೆಗೆ ಅವರಿಗೆ ಉತ್ತರ ಕೊಟ್ಟದ್ದು ಸ್ನಾನದ ಒಲೆ. ನಮ್ಮ ಬಚ್ಚಲಿನ ಹಂಡೆಯನ್ನೇ ನೆನಪು ಮಾಡಿಕೊಳ್ಳಿ. ಬೆಂಕಿ ಅಡಿಯಲ್ಲಿದ್ದರೂ ಮೇಲಿನ ನೀರು ಮೊದಲು ಸುಡುತ್ತದೆ, ಕೆಳಗಿನದ್ದು ಇನ್ನೂ ಉಗುರು ಬೆಚ್ಚಗೆ. ಬಿಸಿಯಾದ ನೀರು ಹಗುರಾಗಿ ಮೇಲಕ್ಕೆ ಏರುತ್ತದೆ, ತಣ್ಣಗಾದದ್ದು ಭಾರವಾಗಿ ಕೆಳಗಿಳಿಯುತ್ತದೆ. ಕಿವಿಗೆ ಬಿಸಿನೀರು ಹಾಕಿದರೆ ಒಳಗಿನ ನಾಳದ ದ್ರವವೂ ಒಂದು ಬದಿಯಲ್ಲಿ ಬಿಸಿಯಾಗಿ ಮೇಲಕ್ಕೆ ಹರಿಯುತ್ತದೆ, ತಣ್ಣೀರು ಹಾಕಿದರೆ ಕೆಳಕ್ಕೆ. ತಲೆ ಅಲ್ಲಾಡದಿದ್ದರೂ ಮೆದುಳಿಗೆ ತಲೆ ತಿರುಗಿದ ಸುದ್ದಿಯೇ ಮುಟ್ಟುತ್ತದೆ. ಹೀಗಿದ್ದರೆ ತಲೆಯನ್ನು ಬೇರೆ ಭಂಗಿಯಲ್ಲಿಟ್ಟು ಅದೇ ನೀರು ಹಾಕಿದಾಗ ಕಣ್ಣಿನ ದಿಕ್ಕು ಬದಲಾಗಬೇಕು. ಬಾರಾನಿ ಪರೀಕ್ಷಿಸಿದರು, ಬದಲಾಯಿತು. 1906ರಲ್ಲಿ ಇದನ್ನೆಲ್ಲಾ ಪ್ರಕಟಿಸಿದರು. ಹಂಡೆಯ ಲೆಕ್ಕ ಪೂರ್ತಿ ಕತೆ ಅಲ್ಲ ಎಂಬುದು ಬಹಳ ತಡವಾಗಿ, 1983ರಲ್ಲಿ ಗೊತ್ತಾಯಿತು ಅನ್ನಿ. ಬಾಹ್ಯಾಕಾಶದಲ್ಲಿ, ಮೇಲೆ ಕೆಳಗೆ ಎಂಬುದೇ ಇಲ್ಲದ ಕಡೆ ಈ ಪರೀಕ್ಷೆ ಮಾಡಿದಾಗಲೂ ಗಗನಯಾತ್ರಿಗಳ ಕಣ್ಣು ಆಡಿತು. ಪರೀಕ್ಷೆಯ ಬೆಲೆ ಅದರಿಂದೇನೂ ಕಡಿಮೆಯಾಗಲಿಲ್ಲ. ಈಗಲೂ ದೊಡ್ಡ ಆಸ್ಪತ್ರೆಗಳಲ್ಲಿ 30 ಡಿಗ್ರಿ ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರು, ಅಂದರೆ ಮೈ ಬಿಸಿಗಿಂತ ಏಳು ಡಿಗ್ರಿ ಕಡಿಮೆ ಮತ್ತು ಏಳು ಡಿಗ್ರಿ ಹೆಚ್ಚು, ಹಾಕಿ ಇದನ್ನು ಮಾಡುತ್ತಾರೆ.

ಇದರಿಂದ ರೋಗಿಗೆ ಏನು ಸಿಕ್ಕಿತು? ಆ್ಯಂಟಿಬಯೋಟಿಕ್ ಇಲ್ಲದ ದಿನಗಳು ಅವು. ಸೋರುವ ಕಿವಿಯ ಕೀವು ಒಳಗಿವಿಗೆ ಇಳಿದು ಅಲ್ಲಿಂದ ಮೆದುಳಿಗೆ ದಾಟಿದರೆ ಮನುಷ್ಯ ಉಳಿಯುತ್ತಿರಲಿಲ್ಲ. ಯಾವ ಕಿವಿಯ ಒಳಭಾಗ ಸತ್ತಿದೆ, ಆಪರೇಷನ್ ಬೇಕೋ ಬೇಡವೋ ಅಂತ ಸರ್ಜನ್ ಅಂದಾಜಿನಲ್ಲೇ ನಿರ್ಧರಿಸಬೇಕಿತ್ತು. ಈಗ ಒಂದು ಪಿಚಕಾರಿ ನೀರು ಸಾಕು. ಕಣ್ಣು ಆಡಿದರೆ ಒಳಗಿವಿ ಜೀವಂತ, ಆಡದಿದ್ದರೆ ಸತ್ತಿದೆ. ಜೊತೆಗೆ ಬಾರಾನಿ ರೋಗಿಯನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಕ್ಕನೆ ನಿಲ್ಲಿಸಿ ಕಣ್ಣು ನೋಡುವ ಕ್ರಮವನ್ನು ಶಾಸ್ತ್ರೀಯ ಮಾಡಿದರು. ಕಣ್ಣು ಮುಚ್ಚಿ ಕೈ ಚಾಚಿ ಡಾಕ್ಟರ ಬೆರಳನ್ನು ಮುಟ್ಟಿಸುವ ಇನ್ನೊಂದು ಪರೀಕ್ಷೆಯಿಂದ ಕಿರುಮೆದುಳಿನ ದೋಷವನ್ನೂ ಪತ್ತೆ ಮಾಡತೊಡಗಿದರು. ಬೇಕಾದದ್ದು ಒಂದು ಕುರ್ಚಿ, ಒಂದು ಪಿಚಕಾರಿ, ಒಂದು ಬೆರಳು. ಖರ್ಚು ಏನೂ ಇಲ್ಲ.

1909ರಲ್ಲಿ ಮದುವೆಯಾಯಿತು, ಇಬ್ಬರು ಗಂಡು ಮಕ್ಕಳು, ಒಬ್ಬಳು ಮಗಳು. ಅಷ್ಟರಲ್ಲಿ 1914ರ ಮಹಾಯುದ್ಧ ಬಂತು. ಸೆಟೆದ ಕಾಲಿನ ಮನುಷ್ಯನನ್ನು ಯಾರೂ ಯುದ್ಧಕ್ಕೆ ಕರೆಯುವುದಿಲ್ಲ. ಬಾರಾನಿ ತಾವಾಗಿ ಹೋದರು, ಆಸ್ಟ್ರಿಯಾ ಸೇನೆಯ ಡಾಕ್ಟರಾಗಿ ಪ್ಷೆಮಿಶ್ಲ್ ಎಂಬ ಕೋಟೆ ಊರಿಗೆ. ತಲೆಗೆ ಗುಂಡು ಬಿದ್ದ ಸಿಪಾಯಿಗಳ ಗಾಯವನ್ನು ಶುಚಿ ಮಾಡಿ ಕೂಡಲೇ ಹೊಲಿದು ಮುಚ್ಚುವ ಕ್ರಮವನ್ನು ಅಲ್ಲಿ ರೂಢಿಸಿದರು. ರಷ್ಯನ್ನರು ಕೋಟೆಗೆ ಮುತ್ತಿಗೆ ಹಾಕಿದ್ದರು. 1915ರ ಮಾರ್ಚ್‌ನಲ್ಲಿ ಕೋಟೆ ಶರಣಾಯಿತು. ಸಾವಿರಾರು ಸೈನಿಕರ ಜೊತೆ ಡಾಕ್ಟರೂ ಸೆರೆ. ಅವರನ್ನು ಸಾಗಿಸಿದ್ದು ಮಧ್ಯ ಏಷ್ಯಾಕ್ಕೆ, ಇಂದಿನ ತುರ್ಕಮೆನಿಸ್ತಾನದಲ್ಲಿರುವ ಮರ್ವ್‌ಗೆ.

ಮರ್ವ್ ಎಂಬ ಹೆಸರು ನಮ್ಮಲ್ಲಿ ಇತಿಹಾಸ ಓದಿದವರಿಗೆ ಹೊಸತಲ್ಲ. ಸೆಲ್ಜುಕ್ ಸುಲ್ತಾನ್ ಸಂಜರ್‌ನ ರಾಜಧಾನಿ, ಅವನ ಗೋರಿಯ ಗುಂಬಜ್ ಹಳೆ ಊರಿನ ಪಾಳಿನ ನಡುವೆ ಈಗಲೂ ನಿಂತಿದೆ. ಮಂಗೋಲರು 1221ರಲ್ಲಿ ಈ ನಗರವನ್ನು ನೆಲಸಮ ಮಾಡುವ ಮೊದಲು ಅಲ್ಲಿ ಹತ್ತು ಗ್ರಂಥಾಲಯಗಳಿದ್ದವು ಅಂತ ಯಾಕೂತ್ ಎಂಬ ಭೂಗೋಳಜ್ಞ ಲೆಕ್ಕ ಕೊಟ್ಟಿದ್ದಾನೆ. ತಕ್ಕಡಿ ಮತ್ತು ತೂಕದ ಶಾಸ್ತ್ರದ ಬಗ್ಗೆ ಅಲ್ ಖಾಜಿನಿ ಎಂಬ ವಿದ್ವಾಂಸ 1121ರ ಸುಮಾರಿಗೆ ಮೀಜಾನುಲ್ ಹಿಕ್ಮಾ ಎಂಬ ಗ್ರಂಥ ಬರೆದದ್ದು ಇದೇ ಊರಿನಲ್ಲಿ. ಮನುಷ್ಯನ ತಲೆಯೊಳಗಿನ ತಕ್ಕಡಿಯನ್ನು ಹುಡುಕಿದ ಡಾಕ್ಟರ್ ಎಂಟು ಶತಮಾನದ ಮೇಲೆ ಅಲ್ಲಿಗೇ ಕೈದಿಯಾಗಿ ಬಂದು ಇಳಿದರು ನೋಡಿ. ಆ ಸೀಮೆಯಲ್ಲಿ ವೈದ್ಯಕ್ಕೂ ಹಳೆಯ ಬೇರಿತ್ತು. ಬುಖಾರಾದ ಹತ್ತಿರ ಹುಟ್ಟಿ 1037ರಲ್ಲಿ ತೀರಿಹೋದ ಇಬ್ನ್ ಸೀನಾ ತಮ್ಮ ಅಲ್ ಖಾನೂನ್ ಗ್ರಂಥದಲ್ಲಿ ದುವಾರ್ ಅಂದರೆ ತಲೆತಿರುಗನ್ನು ತಲೆಯ ರೋಗಗಳ ಭಾಗದಲ್ಲಿ, ಗಶಿ ಅಂದರೆ ಪ್ರಜ್ಞೆ ತಪ್ಪುವುದನ್ನು ಹೃದಯದ ರೋಗಗಳ ಭಾಗದಲ್ಲಿ ಬೇರೆ ಬೇರೆಯಾಗಿ ಇಟ್ಟಿದ್ದರು. ಇವತ್ತಿನ ಡಾಕ್ಟರ್ ಮಾಡುವ ಮೊದಲ ವಿಂಗಡಣೆಯೂ ಹೆಚ್ಚು ಕಡಿಮೆ ಇದೇ.

ಮರ್ವ್‌ನಲ್ಲಿ ಬಾರಾನಿಗೆ ಮಲೇರಿಯಾ ಹಿಡಿಯಿತು. ಆದರೂ ಕೆಲಸ ನಿಲ್ಲಲಿಲ್ಲ. ಕೈದಿಗಳ ಕಿವಿಯನ್ನೂ ಸ್ಥಳೀಯರ ಕಿವಿಯನ್ನೂ ನೋಡಿದರು, ಊರಿನ ಮೇಯರ್ ಮನೆಯವರಿಗೂ ಚಿಕಿತ್ಸೆ ಕೊಟ್ಟರು. ಅಲ್ಲಿರುವಾಗಲೇ ಆ ಸುದ್ದಿ ಬಂತು. 1914ರ ವೈದ್ಯಕೀಯ ನೊಬೆಲ್ ಬಹುಮಾನವನ್ನು ಆ ವರ್ಷ ಯಾರಿಗೂ ಕೊಡದೆ ಬಾಕಿ ಇಟ್ಟಿದ್ದರು. 1915ರಲ್ಲಿ ಅದು ಬಾರಾನಿಗೆ ಅಂತ ಘೋಷಣೆಯಾಯಿತು. ಬಹುಮಾನ ಸ್ಟಾಕ್‌ಹೋಮಿನಲ್ಲಿ, ಬಹುಮಾನಿತ ರಷ್ಯನ್ನರ ಸೆರೆಯಲ್ಲಿ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್‌ಕ್ರಾಸ್ ಪರವಾಗಿ ಮಧ್ಯೆ ಬಂದು ಮಾತಾಡಿ 1916ರಲ್ಲಿ ಬಿಡುಗಡೆ ಮಾಡಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಾರಾನಿ ಸ್ಟಾಕ್‌ಹೋಮಿನಲ್ಲಿ ತಮ್ಮ ನೊಬೆಲ್ ಉಪನ್ಯಾಸ ಕೊಟ್ಟರು. ಪಿಚಕಾರಿ, ನರ್ಸು, ಸ್ನಾನದ ಒಲೆ ಎಲ್ಲಾ ಅದರಲ್ಲಿ ಬಂತು. ತನಗೆ ದಾರಿ ತೋರಿಸಿದ್ದು ಒಬ್ಬ ರೋಗಿಯ ಮಾತು ಅಂತ ಜಗತ್ತಿನ ಮುಂದೆ ಒಪ್ಪಿಕೊಂಡರು.

ಊರಿಗೆ ಹೋದ ಮೇಲೆ ಹೂಮಾಲೆ ಬೀಳಬೇಕಿತ್ತು. ಬಿದ್ದದ್ದು ದೂರು. ಬೇರೆಯವರ ಶೋಧಗಳನ್ನು ಸರಿಯಾಗಿ ಹೆಸರಿಸದೆ ತಾನೇ ಎಲ್ಲಾ ಕಂಡುಹಿಡಿದ ಹಾಗೆ ಬರೆದಿದ್ದಾರೆ ಅಂತ ವಿಯೆನ್ನಾದ ಸಹೋದ್ಯೋಗಿಗಳೇ ಆರೋಪ ಮಾಡಿದರು. ಇದರಲ್ಲಿ ಸತ್ಯ ಎಷ್ಟು? ಕಿವಿಗೆ ತಣ್ಣೀರು ಬಿದ್ದರೆ ತಲೆ ತಿರುಗುತ್ತದೆ ಎಂಬುದು ಬಾರಾನಿಗಿಂತ ಮೊದಲೇ ಕೆಲವರಿಗೆ ಗೊತ್ತಿತ್ತು, ನಾಳದ ದ್ರವ ಹರಿಯುವ ತರ್ಕವೂ ಅವರದ್ದಲ್ಲ. ಆದರೆ ಬಿಸಿ ತಂಪುಗಳನ್ನು ಎದುರುಬದುರು ಇಟ್ಟು, ಕಣ್ಣಿನ ದಿಕ್ಕನ್ನು ಗುರುತು ಮಾಡಿ, ಅದನ್ನು ರೋಗಿಯ ಹಾಸಿಗೆಯ ಬದಿಯ ಪರೀಕ್ಷೆಯಾಗಿ ಮಾಡಿದ್ದು ಅವರೇ. ಸ್ವೀಡನ್ನಿನ ಹಿರಿಯ ಕಿವಿ ವೈದ್ಯರು ಅವರ ಪರವಾಗಿ ಬಹಿರಂಗವಾಗಿ ಬರೆದರು. ಯಹೂದಿ ಡಾಕ್ಟರುಗಳಿಗೆ ಪ್ರೊಫೆಸರ್ ಗಿರಿ ಸುಲಭದಲ್ಲಿ ಸಿಗದ ಕಾಲವೂ ಅದು ಎಂಬುದನ್ನು ಮರೆಯಬಾರದು. ಮನಸ್ಸು ಮುರಿದ ಬಾರಾನಿ 1917ರಲ್ಲಿ ಹುಟ್ಟೂರು ಬಿಟ್ಟು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಹೋದರು. ಮತ್ತೆ ವಿಯೆನ್ನಾದಲ್ಲಿ ನೆಲೆಸಲಿಲ್ಲ.

ಉಪ್ಸಾಲಾದಲ್ಲಿ ಅವರು ಕಂಡ ಒಂದು ಕಾಯಿಲೆಯ ವಿವರ ನಮ್ಮ ಮನೆಗಳಿಗೆ ಎಲ್ಲಕ್ಕಿಂತ ಹತ್ತಿರದ್ದು. 1921ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಅವರು ಒಬ್ಬ ಯುವತಿಯ ಬಗ್ಗೆ ಬರೆದರು. ಆಕೆಗೆ ತಲೆಯನ್ನು ಒಂದು ಬದಿಗೆ ಇಟ್ಟು ಮಲಗಿದರೆ ಮಾತ್ರ ಕೋಣೆ ಗಿರಗಿರ ಸುತ್ತುತ್ತಿತ್ತು, ಅರೆ ನಿಮಿಷದಲ್ಲಿ ನಿಲ್ಲುತ್ತಿತ್ತು. ಒಳಗಿವಿಯಲ್ಲಿ ಮೂರು ನಾಳಗಳಲ್ಲದೆ ಎರಡು ಸಣ್ಣ ಚೀಲಗಳಿವೆ, ಅವುಗಳಲ್ಲಿ ಸುಣ್ಣದ ಸೂಕ್ಷ್ಮ ಹರಳುಗಳಿವೆ. ಕಾಯಿಲೆ ಆ ಹರಳಿನ ಅಂಗದ್ದು ಅಂತ ಬಾರಾನಿ ಊಹಿಸಿದರು. ಊಹೆ ಗುರಿಯ ಹತ್ತಿರ ಬಂದಿತ್ತು. ಹರಳು ತನ್ನ ಜಾಗದಿಂದ ಜಾರಿ ನಾಳದೊಳಗೆ ಸೇರಿ, ತಲೆ ಅಲ್ಲಾಡಿದಾಗಲೆಲ್ಲಾ ದ್ರವವನ್ನು ಎಳೆದಾಡುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಆ ಯುವತಿಗೆ ಕೊಡಲು ಅವರ ಬಳಿ ಔಷಧ ಇರಲಿಲ್ಲ. ಯಾರ ಬಳಿಯೂ ಇರಲಿಲ್ಲ.

ಕೊನೆಯ ವರ್ಷಗಳಲ್ಲಿ ಅವರಿಗೆ ಸ್ಟ್ರೋಕ್ ಆಗಿ ದೇಹದ ಒಂದು ಭಾಗದ ಸ್ವಾಧೀನ ಹೋಯಿತು. ಸ್ನಾಯುಗಳ ವಾತದ ಬಗ್ಗೆ ಪುಸ್ತಕ ಬರೆಯುವುದನ್ನು ಆಗಲೂ ಬಿಟ್ಟಿರಲಿಲ್ಲ. 1936ರ ಏಪ್ರಿಲ್ 8ರಂದು ಉಪ್ಸಾಲಾದಲ್ಲಿ ತೀರಿಕೊಂಡರು. 60 ತುಂಬಲು ಎರಡು ವಾರ ಬಾಕಿ ಇತ್ತು. ಗಂಡು ಮಕ್ಕಳಿಬ್ಬರೂ ಸ್ವೀಡನ್ನಿನಲ್ಲೇ ವೈದ್ಯಕೀಯ ವಿಜ್ಞಾನದಲ್ಲಿ ಹೆಸರು ಮಾಡಿದರು. ತಲೆತಿರುಗಿನ ಬಗ್ಗೆ ಸಂಶೋಧನೆ ಮಾಡುವವರ ಅಂತಾರಾಷ್ಟ್ರೀಯ ಸಂಘ 1960ರಲ್ಲಿ ಹುಟ್ಟಿದಾಗ ಅದಕ್ಕೆ ಬಾರಾನಿ ಸೊಸೈಟಿ ಅಂತಲೇ ಹೆಸರಿಟ್ಟರು. ಯಾವ ತಲೆತಿರುಗಿಗೆ ಯಾವ ಹೆಸರು, ಯಾವ ಲಕ್ಷಣ ಇದ್ದರೆ ಯಾವ ಕಾಯಿಲೆ ಅಂತ ಇವತ್ತು ತೀರ್ಮಾನಿಸುವುದು ಈ ಸಂಘವೇ.

ಇನ್ನು ಯಳಂದೂರಿನ ನೀರಿನ ಕತೆ. ಹಳೆ ಮೈಸೂರು ಸೀಮೆಯಲ್ಲಿ ಹಂಡೆಯ ಬಿಸಿಬಿಸಿ ನೀರನ್ನು ಚೊಂಬಿನಲ್ಲಿ ಮೊಗೆದು ಒಂದರ ಮೇಲೊಂದು ತಲೆಗೆ ಸುರಿದುಕೊಳ್ಳುವುದು ರೂಢಿ. ಹಾಗೆ ಸುರಿದುಕೊಳ್ಳುವಾಗ ಕೆಲವರು, ಅದರಲ್ಲೂ ಹುಡುಗರು, ಮಾತು ತೊದಲಿ, ದಿಟ್ಟಿಸಿ ನೋಡುತ್ತಾ ಮಂಕಾಗುತ್ತಾರೆ. ಕೆಲವರಿಗೆ ಪೂರ್ತಿ ಫಿಟ್ಸ್ ಬರುತ್ತದೆ. ಬವಳಿ ಅಂತಲೋ ಗಾಳಿ ಸೋಕಿದೆ ಅಂತಲೋ ಮನೆಯವರು ತಿಳಿಯುತ್ತಿದ್ದರು. ಇದು ಬಿಸಿನೀರಿನ ಮೂರ್ಛೆರೋಗ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಿಂದಲೇ ಇದರ ಬಗ್ಗೆ ಬರೆದರು. ಮುಂದೆ ಅವರದ್ದೇ ತಂಡ ಯಳಂದೂರಿನಲ್ಲಿ ಮನೆ ಮನೆಗೆ ಹೋಗಿ ಮೂರ್ಛೆರೋಗದ ಸಮೀಕ್ಷೆ ಮಾಡಿದಾಗ ಲಕ್ಷ ಜನರಲ್ಲಿ ಸುಮಾರು 60 ಮಂದಿಗೆ ಈ ಬಿಸಿನೀರಿನ ಬಗೆ ಇತ್ತು. ಬೇರೆ ದೇಶಗಳಲ್ಲಿ ಬಹಳ ಅಪರೂಪದ ಕಾಯಿಲೆ ಇದು. ಪರಿಹಾರದ ಮೊದಲ ಹೆಜ್ಜೆ ನೀರಿನ ಬಿಸಿ ಕಡಿಮೆ ಮಾಡುವುದು, ತಲೆಗೆ ಒಮ್ಮೆಲೇ ಹೊಯ್ಯದಿರುವುದು. ಅಗತ್ಯ ಇದ್ದರೆ ಡಾಕ್ಟರು ಮಾತ್ರೆ ಕೊಡುತ್ತಾರೆ. ಬಾರಾನಿಯ ರೋಗಿಯದ್ದು ಕಿವಿ, ಇದು ಮೆದುಳು, ಎರಡನ್ನೂ ಬೆರೆಸಬಾರದು. ಆದರೆ ಗುಟ್ಟು ಹೊರಬಿದ್ದದ್ದು ಎರಡು ಕಡೆಯೂ ಒಂದೇ ಪ್ರಶ್ನೆಯಿಂದ: ಬೀಳುವ ಮೊದಲು ಏನು ಮಾಡುತ್ತಿದ್ದೆ, ನೀರು ಹೇಗಿತ್ತು?

ಆ ಪ್ರಶ್ನೆ ಕೇಳಿದರೆ ಉಳಿದದ್ದೂ ಬಿಡಿಸಿಕೊಳ್ಳುತ್ತದೆ. ಮದುವೆ ಹಾಲಿನಲ್ಲಿ ಬಿಸಿಲಿಗೆ ನಿಂತು, ಇಲ್ಲವೇ ರಕ್ತ ಕಂಡು, ಬೆವರಿ, ಕಣ್ಣು ಕತ್ತಲೆಯಾಗಿ ಬಿದ್ದು ಒಂದು ನಿಮಿಷದಲ್ಲಿ ಎಚ್ಚರವಾದರೆ ಅದು ಸಾದಾ ಮೂರ್ಛೆ. ಎತ್ತಿ ಕೂರಿಸಬಾರದು, ಮಲಗಿಸಿಯೇ ಕಾಲು ಎತ್ತರಿಸಬೇಕು. ಬಾಯಿಗೆ ನೀರು, ಕೈಗೆ ಕಬ್ಬಿಣದ ಬೀಗದ ಕೈ ಯಾವುದೂ ಬೇಡ. ಮಲಗಿದ್ದವರು ಎದ್ದು ನಿಂತ ಕೂಡಲೇ ತೂರಾಡಿದರೆ, ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಬೇಕು. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಕಾರಣ ಸಿಕ್ಕ ಹಾಗೆ. ರಮಝಾನಿನಲ್ಲಿ ಬಿಪಿ, ಶುಗರ್ ಮಾತ್ರೆ ತಿನ್ನುವ ಹಿರಿಯರು ಅಸರ್ ಹೊತ್ತಿಗೆ ಹೀಗೆ ಬೀಳುವುದುಂಟು. ಉಪವಾಸ ಶುರುವಾಗುವ ಮೊದಲೇ ಡಾಕ್ಟರ ಬಳಿ ಹೋಗಿ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆ ಉಂಟು, ಅಲ್ಲಿ ತಲೆಸುತ್ತಿಗೆ ಮೊದಲು ನೋಡಬೇಕಾದದ್ದು ರಕ್ತವನ್ನು. ಓಡುವಾಗ ಅಥವಾ ಭಾರ ಎತ್ತುವಾಗ ಬಿದ್ದರೆ, ಎದೆನೋವು ಇದ್ದರೆ, ಮನೆಯಲ್ಲಿ ಎಳೆ ಪ್ರಾಯದವರು ಹಠಾತ್ತನೆ ತೀರಿಹೋದದ್ದಿದ್ದರೆ ಇಸಿಜಿ ಮಾಡಿಸದೆ ಮನೆಗೆ ಹೋಗಲೇಬಾರದು. ತಲೆತಿರುಗಿನ ಜೊತೆ ಮಾತು ತೊದಲುವುದು, ಮುಖ ವಾರೆಯಾಗುವುದು, ಒಂದಕ್ಕೆ ಎರಡು ಕಾಣುವುದು, ಹಿಡಿದುಕೊಳ್ಳದೆ ನಿಲ್ಲಲಾಗದಿರುವುದು ಇದ್ದರೆ ಸ್ಟ್ರೋಕ್ ಅಂತಲೇ ಭಾವಿಸಿ 108ಕ್ಕೆ ಫೋನ್ ಮಾಡಬೇಕು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯಷ್ಟೇ ಸಮಯ. ಹನೂರಿನ ಒಳಗಿನ ಹಳ್ಳಿಯಿಂದ ಮೈಸೂರು ಮುಟ್ಟುವುದರಲ್ಲೇ ಅದರ ದೊಡ್ಡ ಪಾಲು ಮುಗಿದಿರುತ್ತದೆ. ಗ್ಲುಕೋಸ್ ಬಾಟಲಿ ಖಾಲಿಯಾಗಲಿ ಅಂತ ಕಾಯಲು ವ್ಯವಧಾನ ಇಲ್ಲ.

ಬಾರಾನಿಯ ಆ ಯುವತಿಯ ಕಾಯಿಲೆ ಇವತ್ತು ನಮ್ಮ ಎಷ್ಟೋ ಅಜ್ಜಿಯಂದಿರಿಗೆ ಉಂಟು. ಸುಜೂದಿಗೆ ಹಣೆ ಇಟ್ಟ ಕೂಡಲೇ ಚಾಪೆ ಸುತ್ತುತ್ತದೆ, ರಾತ್ರಿ ಮಗ್ಗುಲು ಬದಲಿಸಿದರೆ ಮಾಡು ತಿರುಗುತ್ತದೆ. ಹೆದರಿ ಕುರ್ಚಿಯಲ್ಲಿ ಕೂತು ನಮಾಜ್ ಮಾಡಲು ಶುರು ಮಾಡುತ್ತಾರೆ, ತಲೆ ಅಲ್ಲಾಡಿಸದೆ ದಿನ ದೂಡುತ್ತಾರೆ, ವರ್ಷಗಟ್ಟಲೆ ಮಾತ್ರೆ ನುಂಗುತ್ತಾರೆ. ಇದಕ್ಕೆ ಮಾತ್ರೆ ಬೇಕಿಲ್ಲ. 1952ರಲ್ಲಿ ಲಂಡನ್ನಿನ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು ಬಾರಾನಿಯ ವಿವರಣೆಯನ್ನು ಮುಂದುವರಿಸಿ ಒಂದು ಪಕ್ಕಾ ಪರೀಕ್ಷೆ ಮಾಡಿದರು. ರೋಗಿಯನ್ನು ಮಂಚದಲ್ಲಿ ಕೂರಿಸಿ, ತಲೆಯನ್ನು ಒಂದು ಬದಿಗೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಜೋತಾಡುವ ಹಾಗೆ ಹಿಡಿದು ಕಣ್ಣು ನೋಡುವುದು. ಕೆಲವು ಸೆಕೆಂಡಿನಲ್ಲಿ ಕಣ್ಣು ಆಡತೊಡಗಿ ಒಂದು ನಿಮಿಷದೊಳಗೆ ನಿಂತರೆ ಕಾಯಿಲೆ ಇದೇ, ಕೆಳಗಿರುವ ಕಿವಿಯೇ ಕಳ್ಳ. ಅಮೆರಿಕದ ಡಾಕ್ಟರ್ ಜಾನ್ ಎಪ್ಲೆ 1992ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ತಲೆಯನ್ನು ಅಲ್ಲಿಂದ ಮೆಲ್ಲ ಮೆಲ್ಲ ಹಂತ ಹಂತವಾಗಿ ಆಚೆ ಬದಿಗೆ ಹೊರಳಿಸಿ ಎಬ್ಬಿಸಿ ಕೂರಿಸಿದರೆ ಹರಳು ನಾಳದಿಂದ ಹೊರಗೆ ಉರುಳುತ್ತದೆ. ಐದು ನಿಮಿಷದ ಕೆಲಸ. ಕತ್ತಿನ ತೊಂದರೆ ಇರುವವರು ಮೊದಲೇ ಹೇಳಬೇಕು, ಮನೆಯಲ್ಲಿ ಮಾಡುವುದಾದರೂ ಮೊದಲ ಸಲ ಡಾಕ್ಟರೇ ಮಾಡಿ ತೋರಿಸಬೇಕು.

ಇದಕ್ಕೆ ಬೇಕಾದದ್ದು ಒಂದು ಮಂಚ. ಕೊಳ್ಳೇಗಾಲವಾಗಲಿ ಬೆಳ್ತಂಗಡಿಯಾಗಲಿ, ಸಣ್ಣ ಕ್ಲಿನಿಕ್ಕುಗಳಲ್ಲಿ ಮಂಚದ ತಲೆಯ ಕಡೆ ಗೋಡೆಗೆ ಒತ್ತಿಕೊಂಡಿರುತ್ತದೆ, ತಲೆ ಜೋತು ಬಿಡಲು ಜಾಗ ಇರುವುದಿಲ್ಲ. ಮಂಚವನ್ನು ಎರಡು ಅಡಿ ಈಚೆಗೆ ಎಳೆದರೆ ಆಯಿತು. ಅದೂ ಆಗದಿದ್ದರೆ ಹೆಗಲಿನ ಅಡಿಗೆ ಒಂದು ದಿಂಬು.